ಮುರಿದ ಬೋಲ್ಟಿನ ನಡುಬಿಂದು

ನಮ್ಮ ಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳ ಕಚ್ಚಿಕೊಂಡರೂ ಅದು ಕೊನೆಗೆ ನನ್ನ ಕೈಗೇ ಬರುತ್ತದೆ. ನಾನು ಅದನ್ನು ಮೊದಲು ಇನ್ನೊಂಚೂರು ಬಿಗಿ ಮಾಡುತ್ತೇನೆ, ಆಮೇಲೆ ತೆಗೆಯುತ್ತೇನೆ. ಮೊನ್ನೆ ಉಪ್ಪಿನಕಾಯಿ ಡಬ್ಬಿಗೂ ಹಾಗೇ ಮಾಡುತ್ತಿದ್ದಾಗ ಹೆಂಡತಿ, "ಅಲ್ಲಾ ರೀ, ಬಿಚ್ಚಿ ಅಂತ ಕೊಟ್ರೆ ಬಿಗಿ ಮಾಡ್ತೀರಲ್ಲ, ಇದನ್ನ ಯಾರು ಹೇಳ್ಕೊಟ್ರು ನಿಮ್ಗೆ?" ಎಂದು ಕೇಳಿದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ಇದನ್ನು ಕೇಳಿದ್ದು ಅದೇ ಮೊದಲು. ಮುಚ್ಚಳ ಬಂತು. ಉತ್ತರ ಹೇಳಲು ಮಾತ್ರ ಒಂದು ಊಟದಷ್ಟು ಹೊತ್ತು ಹಿಡಿಯಿತು.

ಕಚ್ಚಿಕೊಂಡದ್ದನ್ನು ಬಿಚ್ಚುವುದರ ಬಗ್ಗೆ ನನಗೆ ಚಿಕ್ಕಂದಿನಿಂದಲೂ ಕುತೂಹಲ. ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಒಂದು ಕೈಪಂಪು ಇತ್ತು. ಅದು ಕೆಟ್ಟಾಗಲೆಲ್ಲ ಗುಬ್ಬಿಯಿಂದ ಒಬ್ಬ ರಿಪೇರಿಯವನು ಸೈಕಲ್ಲಿನಲ್ಲಿ ಬರುತ್ತಿದ್ದ. ಅವನ ಸೈಕಲ್ಲಿನ ನಡುಗಂಬಿಗೆ ಕಟ್ಟಿದ ಸ್ಪ್ಯಾನರು ನನ್ನ ಎದೆಮಟ್ಟಕ್ಕೆ ಬರುವಷ್ಟು ಉದ್ದ. ಪಂಪಿನ ಬೋಲ್ಟಿಗೆ ಅದನ್ನು ಕಚ್ಚಿಸಿ, "ಯಾರಾದ್ರೂ ಬಿಚ್ರಲಾ ನೋಡನ" ಎಂದು ನಮ್ಮನ್ನು ಕರೆಯುತ್ತಿದ್ದ. ನಾಲ್ಕು ಜನ ನೇತಾಡಿದರೂ ಅದು ಕದಲುತ್ತಿರಲಿಲ್ಲ. ಆಗ ಅವನು ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಟಣ್ ಟಣ್ ಎಂದು ಎರಡೇ ಏಟು ಹೊಡೆದು, ಒಂದೇ ಕೈಯಲ್ಲಿ ತಿರುಗಿಸಿಬಿಡುತ್ತಿದ್ದ. ಆ ಎರಡು ಏಟು ಏನು ಮಾಡಿದವು ಎಂಬುದು ನನಗೆ ತಿಳಿಯಲಿಲ್ಲ. ಒಮ್ಮೆ ಅವನನ್ನೇ ಕೇಳಿದೆ. "ಅದುಕ್ಕೆ ಎಚ್ಚರ ಮಾಡಿದೆ ಕಣೋ" ಎಂದ. ಮನೆಗೆ ಬಂದು ನಮ್ಮ ಗೋಡೆ ಗಡಿಯಾರಕ್ಕೆ ಎರಡು ಏಟು ಹೊಡೆದು ಎಚ್ಚರ ಮಾಡಿದೆ. ಅದು ಆವತ್ತಿನಿಂದ ಶಾಶ್ವತವಾಗಿ ಮಲಗಿತು. ಅಪ್ಪ ನನಗೂ ಎರಡು ಏಟು ಹೊಡೆದರು.

ಹೀಗೆ ಕುತೂಹಲ ಜಾಸ್ತಿ, ಕೈಗುಣ ಕಮ್ಮಿ ಇರುವವರು ಸಾಮಾನ್ಯವಾಗಿ ಪತ್ರಿಕೆಗೆ ಸೇರುತ್ತಾರೆ. ನಾನೂ ಸೇರಿದೆ. ತೊಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನ ಒಂದು ಜಿಲ್ಲಾ ಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಮರಳೂರಿನಲ್ಲಿ ಒಂದು ಬಾಡಿಗೆ ಕೋಣೆ, ಇನ್ನೂ ಮದುವೆಯಾಗಿರಲಿಲ್ಲ. ನಮ್ಮ ಸುದ್ದಿ ಸಂಪಾದಕರಿಗೆ 'ಸುಮಾರು' ಎಂಬ ಪದ ಕಂಡರೆ ಆಗುತ್ತಿರಲಿಲ್ಲ. "ಸುಮಾರು ಇನ್ನೂರು ಜನ ಸೇರಿದ್ದರು" ಎಂದು ಬರೆದರೆ, "ಎಣಿಸೋಕೆ ನಿಂಗೇನಾಗಿತ್ತು?" ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದರು. ನಾನು ನಿಜವಾಗಿಯೂ ಎಣಿಸತೊಡಗಿದೆ. ಈಗಲೂ ಮದುವೆ ಮನೆಯಲ್ಲಿ ಪಂಕ್ತಿಗೆ ಎಷ್ಟು ಎಲೆ ಎಂದು ನನಗರಿವಿಲ್ಲದೆ ಎಣಿಸಿರುತ್ತೇನೆ.

ಅಂಥವನು ಒಂದೇ ಒಂದು ಸಲ 'ಸುಮಾರು' ಎಂದುಕೊಂಡ ಕತೆ ಇದು.

ಆ ಮಳೆಗಾಲ ಚೆನ್ನಾಗಿ ಹಿಡಿದಿತ್ತು. ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಜಲಾಶಯ ತುಂಬಿ ನೀರು ಹೊರಬೀಳುತ್ತಿದೆ, ಹೋಗಿ ನೋಡಿ ಬರೆ ಎಂದು ಸಂಪಾದಕರು ಹೇಳಿದರು. ಆಫೀಸಿನ ಜೀಪು ಬೇರೆ ಕಡೆ ಹೋಗಿತ್ತು. ಗುಬ್ಬಿಯಲ್ಲಿ ನಮ್ಮಕ್ಕನ ಗಂಡ ರುದ್ರಣ್ಣ ಭಾವನ ಹತ್ತಿರ ಒಂದು ಹಳೆಯ ಡೀಸೆಲ್ ಅಂಬಾಸಿಡರ್ ಇತ್ತು. ಭಾವನ ಸಂಸಾರ ನಡೆಯುತ್ತಿದ್ದುದು ಅದರಿಂದಲೇ. ದಿನಾ ಬೆಳಗ್ಗೆ ಗುಬ್ಬಿಯಿಂದ ಐದು ಜನ ಶಾಲಾ ಶಿಕ್ಷಕಿಯರನ್ನು ಕೂರಿಸಿಕೊಂಡು ಸುತ್ತಲ ಹಳ್ಳಿಗಳಿಗೆ ಬಿಟ್ಟು, ಸಂಜೆ ಕರೆತರುವುದು ಅವನ ಕೆಲಸ. ಕಾರನ್ನು ಯಾರ ಕೈಗೂ ಕೊಟ್ಟವನಲ್ಲ. ಶನಿವಾರ ಮಧ್ಯಾಹ್ನ ನಾನು ಕೇಳಿದಾಗ ಬೀಗದ ಕೈ ತೆಗೆದುಕೊಟ್ಟು, "ತಗಂಡೋಗು. ನಾಳೆ ಮಧ್ಯಾಹ್ನ ನಾನೇ ಬಸ್ಸಲ್ಲಿ ಬಂದು ತಗಂಡ್ ಬರ್ತೀನಿ. ಸೋಮವಾರ ಏಳಕ್ಕೆ ಮೇಡಮ್ಮಾರು ಕಾಯ್ತಿರ್ತಾರೆ" ಎಂದ. ಅಕ್ಕ ಆಶ್ಚರ್ಯದಿಂದ ಇಬ್ಬರ ಮುಖವನ್ನೂ ನೋಡಿದಳು.

ಜಲಾಶಯದ ಸುದ್ದಿ ಚೆನ್ನಾಗಿಯೇ ಬಂತು. ಬರುವಾಗ ಕುಣಿಗಲ್ ದಾಟುತ್ತಿದ್ದಂತೆ ಕಾರಿನ ಮೂತಿಯಿಂದ ಹಬೆ ಏಳತೊಡಗಿತು. ನಿಲ್ಲಿಸಿ, ಆರಿಸಿ, ನೀರು ಹುಯ್ದು, ಮತ್ತೆ ನಿಲ್ಲಿಸಿ, ಹೇಗೋ ಮರಳೂರು ಸೇರಿದೆ.

ಭಾನುವಾರ ಬೆಳಗ್ಗೆ ನನ್ನ ಹಳೆಯ ಕುತೂಹಲಕ್ಕೆ ಯಾರೋ ಎರಡು ಏಟು ಹೊಡೆದರು. ಎಂಜಿನ್ನಿನ ಮೇಲ್ಭಾಗಕ್ಕೆ ಮೆಕ್ಯಾನಿಕ್ಕುಗಳು ಹೆಡ್ ಎನ್ನುತ್ತಾರೆ. ಬಿಸಿನೀರು ಅಲ್ಲಿಂದ ರೇಡಿಯೇಟರಿಗೆ ಹೊರಡುವ ಜಾಗದಲ್ಲಿ ಒಂದು ಮುಚ್ಚಳ ಇರುತ್ತದೆ. ಅದರೊಳಗೊಂದು ಸಣ್ಣ ಕವಾಟ. ಅದು ಕಚ್ಚಿಕೊಂಡರೆ ನೀರು ಓಡಾಡುವುದಿಲ್ಲ, ಎಂಜಿನ್ ಕಾಯುತ್ತದೆ. ನಮ್ಮ ಕಡೆಯ ಮೆಕ್ಯಾನಿಕ್ಕುಗಳು ಅದನ್ನು ರಿಪೇರಿ ಮಾಡುವುದಿಲ್ಲ, ಕಿತ್ತು ಬಿಸಾಕುತ್ತಾರೆ. ಇದನ್ನು ಒಮ್ಮೆ ನೋಡಿದ್ದೆ. ಮೂರೇ ಬೋಲ್ಟು. ಭಾವ ಬರುವುದರೊಳಗೆ ಕಿತ್ತು ಬಿಸಾಕಿದರೆ, ಕಾರು ಕಾದಿತ್ತು ಎಂಬ ವಿಷಯವೇ ಇರುವುದಿಲ್ಲ.

ನನ್ನಲ್ಲಿ ಒಂದು ಹೊಸ ಸ್ಪ್ಯಾನರ್ ಸೆಟ್ ಬೇರೆ ಇತ್ತು. ಅದರಲ್ಲಿದ್ದುದೆಲ್ಲ ಮಿಲಿಮೀಟರಿನ ಅಳತೆ. ಭಾವನ ಕಾರಿನ ಬೋಲ್ಟುಗಳು ಇಂಚಿನವು. ಹನ್ನೆರಡರ ಸ್ಪ್ಯಾನರು ಹಿಡಿಯಲಿಲ್ಲ, ಹದಿಮೂರರದು ಹಿಡಿಯಿತು, ಆದರೆ ಕೊಂಚ ಅಲುಗುತ್ತಿತ್ತು. ಅರ್ಧ ಇಂಚು ಅಂದರೆ ಸುಮಾರು ಹದಿಮೂರು ಎಂದುಕೊಂಡೆ. ಆ ಪದವನ್ನು ಮನಸ್ಸಿನಲ್ಲಿ ಅಂದಿದ್ದು ಈಗಲೂ ನೆನಪಿದೆ.

ಎರಡು ಬೋಲ್ಟು ಬಂದವು. ಮೂರನೆಯದರ ಮೂಲೆಗಳು ಸವೆದು ತಲೆ ದುಂಡಗಾಯಿತು. ಆಮೇಲೆ ಕಟಿಂಗ್ ಪ್ಲೇಯರಿನಲ್ಲಿ ಬಿಗಿಯಾಗಿ ಹಿಡಿದು, ಅದರ ಹಿಡಿಗೆ ಒಂದು ಪೈಪು ಸಿಕ್ಕಿಸಿ, ಪೂರ್ತಿ ಮೈಭಾರ ಬಿಟ್ಟೆ. ಬೋಲ್ಟು ಸುಲಭವಾಗಿ ತಿರುಗಿತು. ಗೆದ್ದೆ ಎಂದುಕೊಂಡೆ. ನೋಡಿದರೆ ತಿರುಗಿದ್ದು ತಲೆ ಮಾತ್ರ. ಉಳಿದದ್ದು ಹೆಡ್ಡಿನ ಒಳಗೆ, ಹಿಡಿಯಲು ಏನೂ ಸಿಗದ ಹಾಗೆ, ಮೇಲ್ಮಟ್ಟಕ್ಕೆ ಸಮನಾಗಿ ಮುರಿದುಕೊಂಡಿತ್ತು.

ಭಾವ ಹನ್ನೊಂದಕ್ಕೇ ಬಂದ. ನಾನು ವೃತ್ತಿಯ ಅಭ್ಯಾಸದಂತೆ, ಮಾಡಿದವರ ಹೆಸರಿಲ್ಲದೆ, "ಭಾವ, ಒಂದು ಬೋಲ್ಟ್ ಮುರಿದಿದೆ" ಎಂದೆ.

"ಮುರಿದೈತೆ ಅಂದ್ರೆ? ಯಾರ್ ಮುರುದ್ರು?"

"ನಾನೇ."

"ಅಂಗ್ ಬರಿ."

ಅವನು ಬಗ್ಗಿ ನೋಡಿದ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪ್ಯಾರೂ ಸಾಬ್ರ ಹತ್ರ ತಳ್ಕಂಡೋಗಾನ, ಹಿಂದ್ಗಡೆ ಹಿಡಿ" ಎಂದಷ್ಟೇ ಹೇಳಿ, ಕಿಟಕಿಯೊಳಗೆ ಕೈ ಹಾಕಿ ಸ್ಟೇರಿಂಗ್ ಹಿಡಿದ.

ಪ್ಯಾರೂ ಸಾಬ್ರ ಶೆಡ್ಡು ಕುಣಿಗಲ್ ರಸ್ತೆಯ ಬದಿಯಲ್ಲಿ, ಒಂದು ಹೊಂಗೆ ಮರದಡಿ. ಅರವತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ಒಬ್ಬರೇ ಕೆಲಸ. ಹದಿನೈದು ವರ್ಷದಿಂದ ಭಾವನ ಕಾರಿನ ಬಾನೆಟ್ಟನ್ನು ಬೇರೆ ಯಾರೂ ಎತ್ತಿರಲಿಲ್ಲ, ನಾನು ಎತ್ತುವವರೆಗೆ. ಭಾನುವಾರವಾದರೂ ಸಾಬ್ರು ಶೆಡ್ಡಿನಲ್ಲೇ ಇದ್ದರು. ಸವೆದ ಬೋಲ್ಟಿನ ತಲೆಯನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಸವರಿ, "ಯಾವ್ ಪಾನಾ ಹಾಕಿದ್ರಿ ಪೇಪರ್ ಸಾರ್?" ಎಂದರು.

"ಹದಿಮೂರರ ಸ್ಪ್ಯಾನರು."

"ಇದು ಅರ್ಧ ಇಂಚು. ನಡುವೆ ಒಂದು ಕೂದ್ಲು ಜಾಗ ಐತೆ. ಆ ಕೂದ್ಲಲ್ಲೇ ತಲೆ ಹೋಯ್ತು. ಬಿಚ್ಚೋ ಮುಂಚೆ ಒಂಚೂರು ಬಿಗಿ ಮಾಡಿದ್ರಾ?"

"ಬಿಗಿ ಯಾಕೆ ಮಾಡಬೇಕು?"

ಸಾಬ್ರು ಭಾವನ ಕಡೆ ನೋಡಿ, "ಓದಿರೋರು" ಎಂದರು. ಆಮೇಲೆ ನನಗೆ ತಿಳಿಯುವಂತೆ ಹೇಳಿದರು. ತುಕ್ಕು ಬೋಲ್ಟಿನ ತಿರುಪಿನ ಎಳೆಗಳ ನಡುವೆ ಗಾರೆಯಂತೆ ಕೂತಿರುತ್ತದೆ. ಬಿಚ್ಚುವ ದಿಕ್ಕಿಗೇ ಎಳೆದರೆ ಅದು ಇನ್ನೂ ಹಿಡಿಯುತ್ತದೆ. ಮೊದಲು ಬಿಗಿಯುವ ಕಡೆಗೆ ಒಂದಿಷ್ಟು ತಳ್ಳಿದರೆ ತುಕ್ಕು ಒಡೆದು ಪುಡಿಯಾಗುತ್ತದೆ, ಆಮೇಲೆ ಬೋಲ್ಟು ಹೊರಗೆ ಬರುತ್ತದೆ. ನಾನು ಕೈಪಂಪಿನ ಎರಡು ಏಟಿನ ವಿಷಯ ಕೇಳಿದೆ. "ಅದೂ ಅದೇ. ಏಟು ಬಿದ್ರೆ ತುಕ್ಕು ಬಿರಿತದೆ" ಎಂದರು. ಇಪ್ಪತ್ತು ವರ್ಷದ ಪ್ರಶ್ನೆಯೊಂದು ಹೀಗೆ ನಿಂತ ನಿಲುವಿನಲ್ಲಿ ಬಗೆಹರಿಯಿತು. ಇಂಥ ಹೊತ್ತಿನಲ್ಲೂ ನನಗೆ ಅದರಿಂದ ಖುಷಿಯಾಯಿತು. ಭಾವನಿಗೆ ಆಗಲಿಲ್ಲ.

ಕೆಲಸ ಶುರುವಾಯಿತು. ಬೆಂಕಿ ಉಗುಳುವ ಬ್ಲೋ ಲ್ಯಾಂಪಿನಿಂದ ಆ ಜಾಗವನ್ನು ಕಾಯಿಸಿದರು. ಕಾದ ಮೇಲೆ ಒಂದು ಮೇಣದ ಬತ್ತಿಯನ್ನು ಬೋಲ್ಟಿನ ಅಂಚಿಗೆ ಮುಟ್ಟಿಸಿದರು. ಮೇಣ ಕರಗಿ ಅಂಚಿನಲ್ಲಿ ಒಂದು ಕ್ಷಣ ನಿಂತು, ಎಳೆಗಳ ಸಂದಿಗೆ ಇಳಿದು ಮಾಯವಾಯಿತು. "ಎಣ್ಣೆ ಹೋಗದ ಕಡೆ ಮೇಣ ಹೋಗ್ತದೆ" ಎಂದರು. ಅದನ್ನು ಮತ್ತೊಮ್ಮೆ ಮಾಡಿ ತೋರಿಸಿ ಎಂದು ಕೇಳುವ ಆಸೆಯಾಯಿತು. ಭಾವನ ಮುಖ ನೋಡಿ ಸುಮ್ಮನಾದೆ.

ಮುಂದಿನದೇ ಕಷ್ಟದ ಕೆಲಸ. ಮುರಿದ ಬೋಲ್ಟಿನ ಮುಖ ಒಂದು ಕಡಲೆ ಕಾಳಿನಷ್ಟು ಅಗಲ. ಅದರ ನಟ್ಟನಡುವೆ ಮೊಳೆಯಂಥ ಪಂಚಿನಿಂದ ಒಂದು ಚುಕ್ಕಿ ಹೊಡೆದು, ಆ ಚುಕ್ಕಿಯಲ್ಲಿ ಸಣ್ಣ ತೂತು ಕೊರೆದು, ತೂತಿಗೆ ಚೌಕದ ಉಕ್ಕಿನ ಚೂರನ್ನು ಬಡಿದು ತಿರುಗಿಸಬೇಕು. ಚುಕ್ಕಿ ಪಕ್ಕಕ್ಕಾದರೆ ಡ್ರಿಲ್ಲೂ ಪಕ್ಕಕ್ಕೇ ಹೋಗುತ್ತದೆ. ಬೋಲ್ಟಿನ ಎಡಗಡೆ ಹೆಡ್ಡಿನ ಗೋಡೆ ತೆಳು, ಅದರಾಚೆ ನೀರಿನ ದಾರಿ.

"ಗೋಡೆ ತೂತಾದ್ರೆ?" ಎಂದು ಕೇಳಿದೆ.

"ಹೆಡ್ಡೇ ಬಿಸಾಕ್ಬೇಕು" ಎಂದ ಭಾವ. "ಬೇರೆ ಹೆಡ್ಡು ಎಲ್ಲಿ ಸಿಗ್ತೈತೆ ಈ ಕಾಲದಾಗೆ? ಮೇಡಮ್ಮಾರು ಬೇರೆ ಗಾಡಿ ನೋಡ್ಕಂತಾರೆ. ನಾನು ಕಾರನ್ನ ಕೋಳಿಗೂಡು ಮಾಡ್ಕಬೇಕು."

ಸಾಬ್ರು ಹಗುರವಾಗಿ ಚುಕ್ಕಿ ಹೊಡೆದರು. ಆಮೇಲೆ ಡ್ರಿಲ್ ಮುಟ್ಟಲಿಲ್ಲ. ರಸ್ತೆಯಾಚೆ ಎಳನೀರು ಮಾರುತ್ತಿದ್ದ ಜಯಮ್ಮನನ್ನು, "ಬಾರಮ್ಮ, ಸಾಕ್ಷಿ" ಎಂದು ಕೂಗಿದರು. ಅದು ಆ ಶೆಡ್ಡಿನ ಪದ್ಧತಿ ಎಂದು ಭಾವ ಪಿಸುಗುಟ್ಟಿದ. ಕೊರೆಯುವ ಮುಂಚೆ ಮೂರು ಜನ ನೋಡಬೇಕು. ಒಬ್ಬೊಬ್ಬರೇ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿ ಬರಬೇಕು. ಎಲ್ಲರೂ ನೋಡಿ ಮುಗಿಯುವವರೆಗೆ ಯಾರೂ ಬಾಯಿ ಬಿಡಬಾರದು. ನನಗೆ ರೋಮಾಂಚನವಾಯಿತು. ನಮ್ಮ ಸಂಪಾದಕರು ಎರಡು ಕಡೆ ಕೇಳಿ ಬರೆ ಎನ್ನುತ್ತಿದ್ದರು. ಇವರು ಮೂರು ಕಡೆ ಕೇಳುತ್ತಿದ್ದರು, ಅದೂ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದ ಹಾಗೆ.

ಭಾವ ನೋಡಿ ಬಂದ. ಜಯಮ್ಮ ಸೆರಗಿಗೆ ಕೈ ಒರೆಸಿಕೊಂಡು ನೋಡಿ ಬಂದಳು. ನಾನೂ ಬಗ್ಗಿದೆ. ಚುಕ್ಕಿ ನಡುವೆ ಇರಲಿಲ್ಲ. ಅರ್ಧ ಎಳ್ಳಿನಷ್ಟು ಎಡಕ್ಕೆ ಇತ್ತು. ತೆಳು ಗೋಡೆಯ ಕಡೆಗೆ.

"ಹೇಳ್ರಿ" ಎಂದರು ಸಾಬ್ರು.

"ಸರಿಯಾಗೈತೆ" ಎಂದ ಭಾವ.

"ಸರಿಗೈತೆ ಬುಡಿ" ಎಂದಳು ಜಯಮ್ಮ.

ಎಲ್ಲರೂ ನನ್ನ ಕಡೆ ತಿರುಗಿದರು. ಬೋಲ್ಟು ಮುರಿದವನು ನಾನು. ಹದಿಮೂರಕ್ಕೂ ಅರ್ಧ ಇಂಚಿಗೂ ವ್ಯತ್ಯಾಸ ಕಾಣದವನು ನಾನು. ಆ ಮನುಷ್ಯ ನಲವತ್ತು ವರ್ಷದಿಂದ ಚುಕ್ಕಿ ಹೊಡೆಯುತ್ತಿದ್ದರು. ಇಬ್ಬರು ಸರಿ ಎಂದಾಗಿತ್ತು. ನಾನೂ ಸರಿ ಎಂದು ಹೇಳಲು ಬಾಯಿ ತೆರೆದೆ. ಆದರೆ ಬಂದ ಮಾತು, "ಒಂಚೂರು ಎಡಕ್ಕಿದೆ ಅನ್ಸುತ್ತೆ ಸಾಬ್ರೇ" ಎಂದು.

"ಎಡಕ್ಕಾ?" ಅವರು ಹೋಗಿ ಬಗ್ಗಿದರು. ತುಂಬಾ ಹೊತ್ತು ನೋಡಿದರು. "ಇಲ್ಲ. ನಡುವೇ ಐತೆ."

"ಲೋ, ಸುಮ್ನಿರೋ" ಎಂದು ಭಾವ ನನ್ನ ತೋಳು ಚಿವುಟಿದ.

ನನ್ನ ಜೇಬಿನಲ್ಲಿ ವರದಿಯ ನೋಟ್ ಪ್ಯಾಡ್ ಇತ್ತು. ಒಂದು ಹಾಳೆ ಹರಿದು ಬೋಲ್ಟಿನ ಮುಖದ ಮೇಲೆ ಒತ್ತಿ ಹಿಡಿದು, ಅದರ ಮೇಲೆ ಪೆನ್ಸಿಲ್ ಉಜ್ಜಿದೆ. ಮಕ್ಕಳು ನಾಣ್ಯದ ಗುರುತು ತೆಗೆಯುತ್ತಾರಲ್ಲ, ಹಾಗೆ. ಬೋಲ್ಟಿನ ದುಂಡು ಅಂಚೂ ಒಳಗಿನ ಚುಕ್ಕಿಯೂ ಮೂಡಿದವು. ದುಂಡನ್ನು ಅಂಚಿಗೆ ಅಂಚು ಕೂಡಿಸಿ ಬೆಳಕಿಗೆ ಹಿಡಿದು ಮಡಿಸಿದೆ. ಬಿಡಿಸಿ, ಅಡ್ಡಕ್ಕೂ ಮಡಿಸಿದೆ. ಎರಡು ಮಡಿಕೆ ಕೂಡಿದ ಕಡೆ ಗುಂಡುಪಿನ್ನಿನಿಂದ ಚುಚ್ಚಿದೆ. ಚುಕ್ಕಿಯ ಗುರುತಿನ ಮೇಲೂ ಚುಚ್ಚಿದೆ. ಚುಕ್ಕಿ ನಡುವೆ ಇದ್ದರೆ ಎರಡೂ ಒಂದೇ ತೂತಾಗಬೇಕಿತ್ತು.

ಹಾಳೆಯನ್ನು ಸಾಬ್ರಿಗೆ ಕೊಟ್ಟೆ. ಅವರು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಬಿಸಿಲಿಗೆ ತಿರುಗಿಸಿದರು. ಏನೂ ಕಾಣುತ್ತಿಲ್ಲವೆಂದು ನನಗೆ ಆಗ ಗೊತ್ತಾಯಿತು. ಕೊನೆಗೆ ಹಾಳೆಯನ್ನು ಮಗುಚಿ, ಹಿಂದಿನಿಂದ ಬೆರಳ ತುದಿಯಲ್ಲಿ ಸವರಿದರು. ಬೆರಳು ಒಮ್ಮೆ ನಿಂತಿತು. ಸ್ವಲ್ಪ ಸರಿದು ಮತ್ತೊಮ್ಮೆ ನಿಂತಿತು.

"ಎರಡೈತೆ" ಎಂದರು.

ಒಂದು ಲಾರಿ ಹಾದುಹೋಯಿತು.

"ರುದ್ರಣ್ಣ, ನಿಂಗೆ ಕಾಣ್ಲಿಲ್ವಾ?"

ಭಾವ ನೆಲ ನೋಡಿದ. "ಕಾಣ್ತು ಸಾಬ್ರೇ. ನಿಮ್ ಕೈಗೆ ನಾನ್ ಏನ್ ಹೇಳ್ಲಿ? ಕೊರೀವಾಗ ನೀವೇ ಸರಿ ಮಾಡ್ಕಂತೀರ ಅಂತ."

"ಜಯಮ್ಮ, ನಿಂಗೆ?"

"ನಂಗೂ ಕಾಣ್ತು. ವಯಸ್ಸಾದೋರು, ನಾಲ್ಕ್ ಜನದ ಮುಂದೆ ಯಾಕ್ ಬೇಜಾರ್ ಮಾಡದು ಅಂತ…"

"ಈ ಸಲ ಮಾತ್ರನಾ?"

ಜಯಮ್ಮ ಮತ್ತೆ ಸೆರಗಿಗೆ ಕೈ ಒರೆಸಿಕೊಂಡಳು. ಸಾಬ್ರ ಮುಖ ಕೆಂಪಾಯಿತು. "ಮರ್ಯಾದೆ ಬೇಕಾಗಿದ್ರೆ ಮಸೀದಿಗೆ ಹೋಗ್ತಿದ್ದೆ ಕಣಮ್ಮ, ರೋಡಿಂದ ಯಾಕ್ ಕರೀತಿದ್ದೆ? ಸಾಕ್ಷಿ ಅಂದ್ರೆ ಏನು? ನಂಗೆ ಕಾಣದ್ದು ನೀವ್ ಹೇಳ್ಬೇಕು!" ಎಂದವರು ಥಟ್ಟನೆ ನಿಲ್ಲಿಸಿದರು. ಕೈಡ್ರಿಲ್ಲನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು. "ಬೇರೆ ಕಡೆ ತಗಂಡೋಗು ರುದ್ರಣ್ಣ. ನನ್ ಕೈಲಿ ನಿನ್ ಹೆಡ್ಡು ಹೋಗೋದು ಬೇಡ. ಇವತ್ತಿಗೆ ಸಾಕು ಈ ಕೆಲ್ಸ."

ಆ 'ಇವತ್ತಿಗೆ' ಎಂಬುದು ಬರೀ ಇವತ್ತಿಗಲ್ಲ ಎಂದು ಎಲ್ಲರಿಗೂ ಅರ್ಥವಾಯಿತು. ಭಾವ ಕಾರಿಗೆ ಒರಗಿ ನಿಂತ. ಬೇರೆ ಕಡೆ ಹೋಗುವ ಲಕ್ಷಣ ಕಾಣಲಿಲ್ಲ. ಅವನ ಪರವಾಗಿ ಏನಾದರೂ ಹೇಳಬೇಕೆಂದು ನಾನು ಪದ ಹುಡುಕುತ್ತಿರುವಾಗ ಜಯಮ್ಮ ಪೆಟ್ಟಿಗೆಯ ಹತ್ತಿರ ಹೋಗಿ ಕೂತಳು.

"ತೆಗೀರಿ ಸಾಬ್ರೇ ಅದನ್ನ. ನೀವು ಕೈ ಮಡಗಿ, ನಾವು ನೋಡ್ತೀವಿ. ಈಗ ಸುಳ್ಳು ಹೇಳಲ್ಲ."

"ಕಸಮ್?"

"ಎಲ್ಲಮ್ಮನಾಣೆ."

"ನೀನು ರುದ್ರಣ್ಣ?"

"ನನ್ ಗಾಡಿ ಆಣೆ" ಎಂದ ಭಾವ. ಅದಕ್ಕಿಂತ ದೊಡ್ಡ ಆಣೆಯನ್ನು ಅವನ ಬಾಯಲ್ಲಿ ನಾನು ಕೇಳಿಲ್ಲ.

ಸಾಬ್ರು ಪಂಚನ್ನು ಹಳೆಯ ಚುಕ್ಕಿಯಲ್ಲೇ ಇಟ್ಟು, ಓರೆಯಾಗಿ ಹಿಡಿದು, ಸಣ್ಣ ಸಣ್ಣ ಏಟು ಹಾಕಿ ಚುಕ್ಕಿಯನ್ನು ಬಲಕ್ಕೆ ಎಳೆದರು. ಚುಕ್ಕಿಯನ್ನು ಹೀಗೆ ಸರಿಸಬಹುದು ಎಂಬುದು ನನಗೆ ಗೊತ್ತಿರಲಿಲ್ಲ. "ಇನ್ನೊಂಚೂರು" ಎಂದೆ. "ಸಾಕು ಸಾಕು" ಎಂದ ಭಾವ. "ಎಲ್ ಸಾಕು? ಕಣ್ ಕಾಣಲ್ವೇನಣ್ಣ ನಿಂಗೆ, ಇನ್ನೂ ಎಡಕ್ಕೈತೆ" ಎಂದು ಜಯಮ್ಮ ಭಾವನನ್ನು ಗದರಿದಳು. ಮತ್ತೊಂದು ಹಾಳೆ, ಮತ್ತೆ ಪೆನ್ಸಿಲ್ಲು, ಮತ್ತೆ ಗುಂಡುಪಿನ್ನು. ಈ ಸಲ ಸಾಬ್ರ ಬೆರಳು ಒಂದೇ ಕಡೆ ನಿಂತಿತು.

ಅವರು ಡ್ರಿಲ್ಲಿನ ಹಿಡಿಕೆಯನ್ನು ಕೈಯಿಂದ ತಿರುಗಿಸತೊಡಗಿದರು. ಮೂರು ದಿಕ್ಕಿನಲ್ಲಿ ನಿಂತ ನಾವು ಮೂವರು, ಡ್ರಿಲ್ ಯಾವ ಕಡೆ ವಾಲುತ್ತಿದೆ ಎಂದು ಕೂಗುತ್ತಿದ್ದೆವು. ಸಂತೆಯಲ್ಲಿ ದನದ ಹಲ್ಲು ನೋಡುವವರೂ ಅಷ್ಟು ಗಲಾಟೆ ಮಾಡುವುದಿಲ್ಲ. ಸಾಬ್ರ ಕೈ ಮಾತ್ರ ಒಂದೇ ಹದದಲ್ಲಿ ತಿರುಗುತ್ತಿತ್ತು. ಅದಕ್ಕೆ ನಾನು ಸಾಕ್ಷಿ. ತೂತು ಆಳವಾದ ಮೇಲೆ, ಕಬ್ಬಿಣ ಉಜ್ಜುವ ಮುರಿದ ಅರದ ಬಾಲದಿಂದ ತಾವೇ ಮಾಡಿಕೊಂಡಿದ್ದ ಚೌಕದ ಉಕ್ಕನ್ನು ಅದರೊಳಕ್ಕೆ ಬಡಿದು, ಸ್ಪ್ಯಾನರ್ ಕಚ್ಚಿಸಿ, ನನ್ನನ್ನು ಕರೆದರು.

"ಕೈ ಇಡಿ ಪೇಪರ್ ಸಾರ್. ಮೊದ್ಲು ಬಿಗಿ ಕಡೆಗೆ. ಮೆಲ್ಲಗೆ."

ತಳ್ಳಿದೆ. ಮರಳು ಅಗಿದಂಥ ಒಂದು ಸದ್ದು, ಕಿವಿಗಿಂತ ಅಂಗೈಗೆ ಹೆಚ್ಚು ಕೇಳಿಸಿತು. "ಈಗ ಈ ಕಡೆ." ಅದು ಬಂತು. ಮೇಣ ಮೆತ್ತಿಕೊಂಡು, ಕಂದು ಬಣ್ಣದ ಪುಡಿ ಉದುರಿಸುತ್ತಾ, ಸುತ್ತು ಸುತ್ತಾಗಿ ಹೊರಗೆ ಬಂತು. ಒಟ್ಟು ಹನ್ನೊಂದು ಸುತ್ತು. ಎಣಿಸಿದ್ದೇನೆ.

ಸಾಬ್ರ ಕಣ್ಣಿಗೆ ಬಂದಿದ್ದುದು ಪೊರೆ ಎಂದು ತಿಳಿದದ್ದು, ಭಾವನೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು, ಆಪರೇಷನ್ನಾದ ಮೇಲೂ ಅವರು ಶೆಡ್ಡು ನಡೆಸಿದ್ದು ಎಲ್ಲ ಆಮೇಲಿನ ಸಂಗತಿ. ಆವತ್ತು ಮಾತ್ರ ಕವಾಟ ಕಿತ್ತು, ಮುಚ್ಚಳ ಕೂರಿಸಿ, ಹೊಸ ಬೋಲ್ಟು ಹಾಕಿ, ನೀರು ತುಂಬಿಸುವ ಹೊತ್ತಿಗೆ ಮೂರು ಗಂಟೆಯಾಗಿತ್ತು. ಜಯಮ್ಮ ರಸ್ತೆ ದಾಟಿ ತನ್ನ ಗಾಡಿಗೆ ಹೋಗಿದ್ದಳು. ಭಾವ ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿದ. ಹಬೆ ಇಲ್ಲ, ಸೋರಿಕೆ ಇಲ್ಲ. ಸಾಬ್ರು ಕೈ ಒರೆಸಿಕೊಳ್ಳುತ್ತಾ, "ಹೆಂಗೈತೆ ರುದ್ರಣ್ಣ?" ಎಂದು ಕೇಳಿದರು.

"ಏ, ಫಸ್ಟ್ ಕ್ಲಾ…" ಎನ್ನುತ್ತಿದ್ದ ಭಾವ ನಡುವೆಯೇ ನಿಲ್ಲಿಸಿದ. ಎಂಜಿನ್ ಆರಿಸಿದ. "ಸಾಬ್ರೇ, ಒಂದ್ ಮಾತು. ಹೋದ್ ಸಲ ನೀವು ಕ್ಲಚ್ ಕಟ್ಟಿದ್ರಲ್ಲ, ಆವತ್ತಿಂದ ಎರಡ್ನೇ ಗೇರು ಹಾಕುವಾಗ ಕರಕರ ಅಂತೈತೆ."

"ಆವತ್ತಿಂದ? ಯುಗಾದಿಯಿಂದ ಹಂಗೇ ಓಡಿಸ್ತಿದೀಯಾ?"

"ನೀವು ಕಟ್ಟಿದ್ದಲ್ವಾ, ಸರಿಗೇ ಇರ್ತೈತೆ ಅನ್ಕಂಡೆ."

ಸಾಬ್ರು ಮೂಲೆಯಲ್ಲಿದ್ದ ಗೋಣಿಚೀಲವನ್ನು ಕಾರಿನ ಕೆಳಗೆ ಹಾಸಿ, ಒಂದು ಸ್ಪ್ಯಾನರ್ ತೆಗೆದುಕೊಂಡು ಮಲಗಿ ಒಳಕ್ಕೆ ಸರಿದರು. ಹೊರಗೆ ಉಳಿದದ್ದು ಎರಡು ಪಾದ ಮಾತ್ರ.

ಇದನ್ನೆಲ್ಲ ರಸ್ತೆಯಾಚೆಯಿಂದ ಜಯಮ್ಮ ನೋಡುತ್ತಿದ್ದಳು. "ಸಾಬ್ರೇ," ಎಂದು ಕೂಗಿದಳು, "ಹಂಗಾದ್ರೆ ನಂದೂ ಒಂದೈತೆ! ನೀವು ನನ್ ಮಚ್ಚಿಗೆ ಹಾಕ್ಕೊಟ್ಟ ಹಿಡಿ ಅಳ್ಳಾಡ್ತೈತೆ, ಮೂರು ವರ್ಷ ಆಯ್ತು!"

ಸ್ವಲ್ಪ ಹೊತ್ತಿಗೆ ಕಾರಿನಡಿಯಿಂದ ಗ್ರೀಸು ಮೆತ್ತಿದ ಒಂದು ಕೈ ಹೊರಗೆ ಬಂದು, ಅಂಗೈ ಅಗಲಿಸಿ, ಮಚ್ಚಿಗಾಗಿ ಕಾಯುತ್ತಾ ನಿಂತಿತು.